ಕೊನೆಯ ಸಾಲಿಗೆ ಕೇಳಿಸಬೇಕು

ಕಳೆದ ಮೇ ತಿಂಗಳಲ್ಲಿ ಬಳ್ಳಾರಿಗೆ ಬಂದಿದ್ದಾಗ, ಬಿ.ಎಡ್. ಓದುತ್ತಿರುವ ತಂಗಿಯ ಮಗಳ ಜೊತೆ ಅವರ ಶಿಕ್ಷಣ ವಿಭಾಗದ ಹೊಸ ಕಟ್ಟಡಕ್ಕೆ ಹೋಗಿದ್ದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ತರಗತಿಗಳ ಮೈಕು, ಕ್ಯಾಮೆರಾ, ಪ್ರೊಜೆಕ್ಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹಾಗಾಗಿ ಎಲ್ಲಿಗೆ ಹೋದರೂ ಕಣ್ಣು ಗೋಡೆ, ವೈರುಗಳ ಕಡೆಗೇ ಹೊರಳುತ್ತದೆ. ಸಭಾಂಗಣದ ಗೋಡೆಗೆ ಹೊಳೆಯುವ ಗ್ರಾನೈಟ್, ನೆಲಕ್ಕೆ ಟೈಲ್ಸ್, ಎದುರಿಗೆ ದೊಡ್ಡ ಎಲ್‌ಇಡಿ ಪರದೆ. ಭಾಷಣ ಶುರುವಾಯಿತು. ಹಿಂದಿನ ಸಾಲಿನಲ್ಲಿದ್ದ ನನಗೆ ಸಿಕ್ಕಿದ್ದು ಪ್ರತಿ ಮಾತಿನ ಬಾಲ ಮಾತ್ರ.

ಮೈಕನ್ನು ಬೈದು ಫಲವಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 17 ಮೀಟರ್ ಆಚೆಯ ಕಲ್ಲುಗೋಡೆಗೆ ಬಡಿದು ಹಿಂದಿರುಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಅಕ್ಷರದಲ್ಲಿರುತ್ತಾರೆ. ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಏರುತ್ತದೆ. ಹಿಂದಿನ ಗೋಡೆಗೆ ಶಬ್ದ ಹೀರುವ ದಪ್ಪ ಹಲಗೆಗಳನ್ನು ಹೊದಿಸಿದ್ದರೆ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು. ಆದರೆ ಉದ್ಘಾಟನೆಯ ಫೋಟೊದಲ್ಲಿ ಹಲಗೆ ಚೆನ್ನಾಗಿ ಕಾಣುವುದಿಲ್ಲವಲ್ಲ!

ನಾನು ಇಲ್ಲಿ ಇಂಜಿನಿಯರಿಂಗ್ ಓದುವಾಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಾಠಗಳು ಎಜುಸ್ಯಾಟ್ ಉಪಗ್ರಹದಿಂದ ಇಳಿದು ಬರುತ್ತಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಉಪಗ್ರಹ ಅದು. ಚಿತ್ರ ನಡುನಡುವೆ ಕಲ್ಲಾಗಿ ನಿಲ್ಲುತ್ತಿತ್ತು. ದನಿ ಇದ್ದರೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು. ದನಿ ಹೋದರೆ ಎದ್ದು ಕ್ಯಾಂಟೀನಿಗೆ.

ಈಗ ನಾನಿರುವ ಕಡೆ ಕಿವಿಗೆ ಮರ್ಯಾದೆ ಹೆಚ್ಚು. ಶ್ರವಣಯಂತ್ರ ಧರಿಸಿದವರಿಗೆ ದನಿ ನೇರವಾಗಿ ಮುಟ್ಟಲೆಂದು ನೆಲದಡಿ ತಂತಿಯ ಸುತ್ತು ಹಾಕಿದ ಸಭಾಂಗಣಗಳಿವೆ. ಹಾಗೆಂದು ಅದನ್ನು ಸ್ವರ್ಗ ಎನ್ನಲಾರೆ. ದನಿಯೂ ಕಂಪ್ಯೂಟರ್ ಜಾಲದ ಕೇಬಲಿನಲ್ಲೇ ಹರಿಯುವುದರಿಂದ ಆ ಕೇಬಲುಗಳು ಕೂಡುವ ಒಂದು ಸ್ವಿಚ್ ಮುನಿದರೆ ಮಹಡಿಯೇ ಮೂಕ. ಬೀಗ ಹಾಕಿದ ಪೆಟ್ಟಿಗೆಯನ್ನು ಉಪನ್ಯಾಸಕರು ಮುಟ್ಟುವಂತಿಲ್ಲ. ದೂರು ದಾಖಲಿಸಿ, ನಮ್ಮ ದಾರಿ ಕಾಯುತ್ತ ಕೂರಬೇಕು.

ಅಂದು ಬಳ್ಳಾರಿಯಲ್ಲಿ ಕಾದದ್ದು ಹತ್ತೇ ನಿಮಿಷ. ಸ್ಪೀಕರ್ ಗುಂಯ್ ಎನ್ನತೊಡಗಿದಾಗ ಊರಿನ ಮೈಕ್‌ಸೆಟ್ಟಿನವರೊಬ್ಬರನ್ನು ಕರೆಸಿದರು. ಬಾಗಿಲಲ್ಲೇ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ ಅದರ ಪ್ರತಿಧ್ವನಿ ಆಲಿಸಿದರು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರು. ಗುಂಯ್ ನಿಂತಿತು. “ಅರ್ಥಿಂಗ್ ಒಣಗಿರಬೇಕು ಸಾರ್” ಎಂದು ಹಿತ್ತಲಿಗೆ ಹೋದರು. ಬಳ್ಳಾರಿಯ ಬೇಸಿಗೆಗೆ, ಸೋರುವ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯ ಮಣ್ಣು ಬೂದಿಯಂತಾಗಿತ್ತು. ಎರಡು ಬಕೆಟ್ ನೀರು ಸುರಿದು ಬಂದು ಚಾರ್ಜರ್ ಮತ್ತೆ ಸಿಕ್ಕಿಸಿದರು, ಸದ್ದಿಲ್ಲ. ಆಮೇಲೆ ಕೊನೆಯ ಸಾಲಿಗೆ ಬಂದು ನನ್ನ ಪಕ್ಕ ಕುಳಿತು, “ಇಲ್ಲಿಗೆ ಕೇಳುತ್ತಿದೆಯೇ?” ಎಂದರು.

ಇಲ್ಲ ಎಂದೆ. ಅವರು ಗೋಡೆಯ ಕಡೆ ನೋಡಿ, ಇದಕ್ಕೆ ನನ್ನ ಬಳಿ ಮದ್ದಿಲ್ಲ ಎನ್ನುವಂತೆ ಕೈ ತಿರುವಿದರು. ಆ ಕಟ್ಟಡದಲ್ಲಿ ಅವರಿಗೊಂದು ಹುದ್ದೆಯಿಲ್ಲ; ಸಮಾರಂಭವಿದ್ದ ದಿನ ಕರೆ, ಕೈಗೆ ದಿನಗೂಲಿ. ಗ್ರಾನೈಟ್ ಹಚ್ಚುವ ಮೊದಲೇ ಅವರನ್ನು ಕರೆಸಿ ಆ ಒಂದು ಚಪ್ಪಾಳೆ ಹೊಡೆಸಿದ್ದರೆ ಸಾಕಿತ್ತು.