ಎಣ್ಣೆ ಮುಗಿದ ರಾತ್ರಿ

ರೆನೈಸಾನ್ಸ್, ಅಂದರೆ ಯುರೋಪಿನ ಪುನರುಜ್ಜೀವನದ ಕಾಲ, ಅಂದ ಕೂಡಲೇ ನಮಗೆ ನೆನಪಾಗುವುದು ಲಿಯೊನಾರ್ಡೊ, ಮೈಕೆಲೆಂಜೆಲೊ. ವೈದ್ಯಕೀಯದ ಮಾತು ಬಂದರೆ ವೆಸಾಲಿಯಸ್. 1543ರಲ್ಲಿ ಅಚ್ಚಾದ ಅವನ ಅಂಗರಚನೆಯ ಪುಸ್ತಕದ ಚಿತ್ರಗಳನ್ನು ಇವತ್ತು ನೋಡಿದರೂ ಬೆರಗಾಗುತ್ತದೆ. ಅವನ ಬಗ್ಗೆ ನನಗೂ ತುಂಬಾ ಗೌರವ. ಆದರೆ ಆ ಪುಸ್ತಕದಿಂದ ಆಗ ಹಾಸಿಗೆ ಹಿಡಿದಿದ್ದವರಿಗೆ ಏನು ಸಿಕ್ಕಿತು? ಹೆಚ್ಚೇನೂ ಇಲ್ಲ. ಜ್ವರ ಬಂದರೆ ರಕ್ತ ತೆಗೆಯುವುದು, ಭೇದಿಗೆ ಕೊಡುವುದು ಹಾಗೇ ನಡೆದಿತ್ತು. ಪ್ಲೇಗ್ ಬಂದರೆ ಊರು ಬಿಡುವುದೇ ಮದ್ದು. ಚಿಕಿತ್ಸೆ ಕಣ್ಣಿಗೆ ಕಾಣುವ ಹಾಗೆ ಬದಲಾಗಿದ್ದು ಗಾಯ ಕಟ್ಟುವವರ ಕೈಯಲ್ಲಿ. ಅವರ ಹೆಸರನ್ನು ನಾವು ಹೇಳುವುದೇ ಕಡಿಮೆ ಅನ್ನುವುದು ನನ್ನ ಕೊರಗು.

ಅಂಥವರಲ್ಲಿ ಒಬ್ಬ ಆಂಬ್ರುವಾಜ್ ಪಾರೆ. 1510ರ ಸುಮಾರಿಗೆ ಫ್ರಾನ್ಸಿನ ಲಾವಾಲ್ ಹತ್ತಿರ ಹುಟ್ಟಿದವನು. ಕ್ಷೌರಿಕರ ಕೈಕೆಳಗೆ ಕೆಲಸ ಕಲಿತ. ಪ್ಯಾರಿಸ್ಸಿನ ಓತೆಲ್‌ ದ್ಯು ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದ. ಆಗ ವಿಶ್ವವಿದ್ಯಾಲಯದಲ್ಲಿ ಓದಿದ ವೈದ್ಯರು ಕತ್ತಿ ಹಿಡಿಯುವ ಕೆಲಸವನ್ನು ಕೀಳು ಅಂತಲೇ ನೋಡುತ್ತಿದ್ದರು. ಹುಣ್ಣು ಕೊಯ್ಯುವುದು, ಹಲ್ಲು ಕೀಳುವುದು ಕ್ಷೌರಿಕರ ಪಾಲಿಗೆ. ನಮ್ಮ ಹಳ್ಳಿಗಳಲ್ಲೂ ಕ್ಷೌರಿಕರು ಹುಣ್ಣು ಕೊಯ್ದು ಜನರನ್ನು ಉಳಿಸಿದ್ದಾರೆ. ಅವರಿಗೆ ಸಿಕ್ಕ ಮರ್ಯಾದೆ ಎಷ್ಟು ಅಂತ ಬಿಡಿಸಿ ಹೇಳಬೇಕಾ?

1537ರ ಸುಮಾರಿಗೆ ಪಾರೆ ಫ್ರೆಂಚ್ ಸೈನ್ಯದ ಜೊತೆ ಇಟಲಿಯ ಟ್ಯೂರಿನ್ ಕಡೆ ಹೋದ. ಅದೇ ಅವನ ಮೊದಲ ಯುದ್ಧ. ಅಲ್ಲಿ ಕುದುರೆ ಲಾಯವೊಂದರಲ್ಲಿ ಕೆಲವು ಸೈನಿಕರು ಮೈಯೆಲ್ಲಾ ಸುಟ್ಟುಕೊಂಡು ಗೋಡೆಗೆ ಒರಗಿದ್ದರು. ಇವರನ್ನು ಉಳಿಸಲು ಸಾಧ್ಯವಾ ಅಂತ ಒಬ್ಬ ಮುದಿ ಸೈನಿಕ ಕೇಳಿದ. ಇಲ್ಲ ಅಂದ ಪಾರೆ. ಆ ಮುದುಕ ಸಿಟ್ಟಿಲ್ಲದೆ, ಮೆಲ್ಲಗೆ, ಅವರ ಕತ್ತು ಕೊಯ್ದುಬಿಟ್ಟ. ಪಾರೆ ಅವನನ್ನು ಬೈದ. ನನಗೆ ಹೀಗಾದರೆ ನನಗೂ ಯಾರಾದರೂ ಇದನ್ನೇ ಮಾಡಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತೇನೆ ಅಂದನಂತೆ ಆತ. ವೈದ್ಯ ಕೈಚೆಲ್ಲಿದ ಮೇಲೆ ಆ ಕಾಲದ ಸೈನಿಕನಿಗೆ ಉಳಿದ ದಯೆ ಅಷ್ಟೇ.

ಬಂದೂಕಿನ ಗಾಯ ಆಗಿನವರಿಗೆ ಹೊಸದು. ಬಂದೂಕಿನ ಮದ್ದಿನಪುಡಿಯಿಂದ ಗಾಯಕ್ಕೆ ವಿಷ ಏರುತ್ತದೆ, ಕುದಿಯುವ ಎಣ್ಣೆಯಿಂದ ಸುಡಬೇಕು ಅಂತ ಜೊವಾನ್ನಿ ದ ವೀಗೊ ಎಂಬ ಇಟಲಿಯ ಹೆಸರಾಂತ ಶಸ್ತ್ರವೈದ್ಯ ಬರೆದಿದ್ದ. ಪಾರೆಯೂ ಹಾಗೇ ಮಾಡಿದ. ಗುಂಡು ಹೊಕ್ಕ ತೂತಿಗೆ ಕುದಿಯುವ ಎಣ್ಣೆ! ಗಾಯಾಳುಗಳು ಜಾಸ್ತಿಯಾಗಿ ಎಣ್ಣೆ ಮುಗಿಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ರಾತ್ರಿಯಿಡೀ ನಿದ್ದೆಯಿಲ್ಲ. ಎಣ್ಣೆ ಹಾಕದೆ ಬಿಟ್ಟವರು ವಿಷ ಏರಿ ಸತ್ತಿರುತ್ತಾರೆ ಅಂತ ಹೆದರಿಕೆ. ಬೆಳಕು ಹರಿಯುವ ಮುಂಚೆ ಎದ್ದು ಓಡಿದ. ನೋಡಿದರೆ ಮೊಟ್ಟೆ ಹಚ್ಚಿಸಿಕೊಂಡವರಿಗೆ ನೋವು ಕಡಿಮೆ, ಬಾವು ಇಲ್ಲ, ಸುಮಾರಾಗಿ ನಿದ್ದೆಯೂ ಮಾಡಿದ್ದರು. ಎಣ್ಣೆ ಸುರಿಸಿಕೊಂಡವರು ಜ್ವರದಲ್ಲಿ ನರಳುತ್ತಿದ್ದರು, ಗಾಯದ ಸುತ್ತ ಊದಿತ್ತು. ಬಡಪಾಯಿಗಳನ್ನು ಇನ್ನು ಮುಂದೆ ಹೀಗೆ ಸುಡುವುದಿಲ್ಲ ಅಂತ ಅವನು ಅವತ್ತೇ ನಿರ್ಧರಿಸಿದ.

ಈ ಕಥೆ ಕೆಲವರಿಗೆ ಗೊತ್ತಿರಬಹುದು. ನನಗೆ ಇದಕ್ಕಿಂತ ಇಷ್ಟವಾಗುವುದು ಅವನೇ ಹೇಳುವ ಈರುಳ್ಳಿಯ ಕಥೆ. ಅಡುಗೆಮನೆಯ ಹುಡುಗನೊಬ್ಬ ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದ. ಪಾರೆ ಔಷಧಿ ಅಂಗಡಿಗೆ ಹೋದಾಗ ಅಲ್ಲಿದ್ದ ಹಳ್ಳಿ ಅಜ್ಜಿಯೊಬ್ಬಳು, ಹಸಿ ಈರುಳ್ಳಿಗೆ ಸ್ವಲ್ಪ ಉಪ್ಪು ಹಾಕಿ ಜಜ್ಜಿ ಹಚ್ಚು, ಬೊಬ್ಬೆ ಏಳುವುದಿಲ್ಲ ಅಂದಳು. ಹಚ್ಚಿದ. ಹಚ್ಚಿದ ಕಡೆ ಬೊಬ್ಬೆ ಇಲ್ಲ, ಉಳಿದ ಕಡೆ ಇದ್ದವು. ಅಷ್ಟಕ್ಕೇ ಒಪ್ಪಿಕೊಳ್ಳಲಿಲ್ಲ ಅವನು. ಆಮೇಲೆ ಮದ್ದಿನಪುಡಿ ಸಿಡಿದು ಮುಖ ಸುಟ್ಟುಕೊಂಡ ಜರ್ಮನ್ ಕಾವಲುಗಾರ ಬಂದಾಗ, ಅರ್ಧ ಮುಖಕ್ಕೆ ಈರುಳ್ಳಿ, ಇನ್ನರ್ಧಕ್ಕೆ ಮಾಮೂಲಿ ಮದ್ದು ಹಚ್ಚಿ ಹೋಲಿಸಿ ನೋಡಿದ. ಅಜ್ಜಿ ಮದ್ದು ಅಂತ ಮೂಗು ಮುರಿಯಲಿಲ್ಲ, ಅಜ್ಜಿ ಮದ್ದು ಅಂತ ಕಣ್ಣು ಮುಚ್ಚಿ ನಂಬಲೂ ಇಲ್ಲ. (ದಯವಿಟ್ಟು ಯಾರೂ ಸುಟ್ಟ ಗಾಯಕ್ಕೆ ಈರುಳ್ಳಿ ಹಚ್ಚಬೇಡಿ. ನಲ್ಲಿ ನೀರು ಬಿಡಿ, ಡಾಕ್ಟರ ಹತ್ತಿರ ಹೋಗಿ.) ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅಂದ ಕೋಪರ್ನಿಕಸ್ಸನ ಪುಸ್ತಕ ಇನ್ನೂ ಅಚ್ಚಾಗದ ಕಾಲದಲ್ಲಿ, ಯುದ್ಧದ ಶಿಬಿರದಲ್ಲಿ, ಒಂದೇ ಮುಖದ ಮೇಲೆ ಎರಡು ಮದ್ದುಗಳ ಹೋಲಿಕೆ. ವೈದ್ಯಕೀಯದಲ್ಲಿ ರೆನೈಸಾನ್ಸ್ ಅಂದರೆ ನನಗೆ ಇದೇ.

ಕಂಡದ್ದನ್ನು 1545ರಲ್ಲಿ ಪುಸ್ತಕ ಮಾಡಿದ. ಬರೆದದ್ದು ಲ್ಯಾಟಿನ್ನಿನಲ್ಲಲ್ಲ, ಫ್ರೆಂಚ್‌ನಲ್ಲಿ. ಅವನಂಥ ಕ್ಷೌರಿಕರು ಓದಲಿ ಅಂತ. 1552ರಲ್ಲಿ ದಾಂವಿಲೆ ಕೋಟೆಯ ಮುತ್ತಿಗೆಯಲ್ಲಿ ಒಬ್ಬನ ಕಾಲು ತೆಗೆದಾಗ, ರಕ್ತ ನಿಲ್ಲಿಸಲು ಕಾದ ಕಬ್ಬಿಣ ಇಡದೆ ರಕ್ತನಾಳಗಳನ್ನು ನೂಲಿನಿಂದ ಕಟ್ಟಿದ. ನೂಲು ಕಟ್ಟುವುದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್ನನ ಕಾಲದಿಂದಲೂ ಗೊತ್ತಿತ್ತು. ಕಾಲು ಕತ್ತರಿಸುವಾಗ ಅದನ್ನು ಬಳಸುವ ಧೈರ್ಯ ಇವನದು. ಎಲ್ಲರೂ ತಕ್ಷಣ ಒಪ್ಪಿದರು ಅಂತಲ್ಲ. ರಕ್ತ ಹರಿಯುತ್ತಿರುವಾಗ ಒಂದೊಂದೇ ನಾಳ ಹುಡುಕಿ ಕಟ್ಟುವುದು ಸುಲಭವಾ? ರಕ್ತ ತಡೆಯಲು ಕೈಕಾಲಿಗೆ ಬಿಗಿಯುವ ಬಿಗಿಪಟ್ಟಿ ಚೆನ್ನಾಗಿ ಬಳಕೆಗೆ ಬರುವವರೆಗೂ ಕಾದ ಕಬ್ಬಿಣ ಹಿಡಿದವರು ಬಹಳ ಜನ ಇದ್ದರು.

ಅವನನ್ನು ದೇವರು ಮಾಡುವ ಆಸೆ ನನಗಿಲ್ಲ. ಎಲ್ಲಾ ವಿಷಕ್ಕೂ ಮದ್ದು ಅಂತ ನಂಬಿದ್ದ ಬೆಜೋಆರ್ ಕಲ್ಲನ್ನು ಪರೀಕ್ಷಿಸಲು, ಪಾರೆಯ ಸಲಹೆಯಂತೆ, ಮರಣದಂಡನೆಯಾಗಿದ್ದ ಅಡುಗೆಯವನೊಬ್ಬನಿಗೆ ವಿಷ ಕುಡಿಸಲಾಯಿತು. ಅವನ ತಪ್ಪು ಬೆಳ್ಳಿ ತಟ್ಟೆ ಕದ್ದದ್ದು. ಕಲ್ಲು ಕೆಲಸ ಮಾಡಲಿಲ್ಲ. ಆ ಬಡವ ಗಂಟೆಗಟ್ಟಲೆ ನರಳಿ ಸತ್ತ. ಕಲ್ಲು ಸುಳ್ಳು ಅಂತ ಗೊತ್ತಾಗಿದ್ದು ನಿಜ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ನಾನು ಸರಿ ಅನ್ನಲಾರೆ.

ನಾಲ್ವರು ರಾಜರಿಗೆ ಶಸ್ತ್ರವೈದ್ಯನಾದ ಮೇಲೂ ಪ್ಯಾರಿಸ್ಸಿನ ವೈದ್ಯ ಪಂಡಿತರು ಅವನನ್ನು ಬಿಡಲಿಲ್ಲ. 1575ರಲ್ಲಿ ಅವನ ಬರಹಗಳೆಲ್ಲ ಒಟ್ಟಾಗಿ ಬಂದಾಗ ಮಾರಾಟ ತಡೆಯಲು ನೋಡಿದರು. ಎತಿಯೆನ್ ಗುರ್ಮೆಲೆನ್ ಎಂಬ ಪ್ರಾಧ್ಯಾಪಕ ನೂಲು ಕಟ್ಟುವ ಪದ್ಧತಿಯೇ ತಪ್ಪು ಅಂತ ಬರೆದ. 1585ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಪಾರೆ ಅವನಿಗೆ ಉತ್ತರ ಕೊಟ್ಟ. ಪುಸ್ತಕ ಬಿಟ್ಟು ಬೇರೇನೂ ನೋಡದ ನೀನು ನನಗೆ ಶಸ್ತ್ರಚಿಕಿತ್ಸೆ ಕಲಿಸುತ್ತೀಯಾ ಅಂತ ಕೇಳಿ, ತಾನು ಹೋದ ಯುದ್ಧಗಳನ್ನೂ ಅಲ್ಲಿ ಕಟ್ಟಿದ ಗಾಯಗಳನ್ನೂ ಒಂದೊಂದಾಗಿ ಬರೆಯುತ್ತಾ ಹೋದ.