ಮಗುವಿಗೆ ಹಳೇ ಪಾಯಿಂಟ್ ಟೂ‌ಟೂ ರೈಫಲ್ ಕೊಳ್ಳುವ ಮುಂಚೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪೋಷಕರು ಇತ್ತೀಚೆಗೆ ಪದೇ ಪದೇ ಕೇಳುವ ಪ್ರಶ್ನೆ ಇದು. ಮಗ ಅಥವಾ ಮಗಳು ಏರ್ ರೈಫಲ್‌ನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದಾಳೆ, ಈಗ ಪಾಯಿಂಟ್ ಟೂಟೂ (.22 ಅಂಗುಲ ನಳಿಗೆಯ) ರೈಫಲ್ಲಿನ 50 ಮೀಟರ್ ಸ್ಪರ್ಧೆಗೆ ಹೋಗಬೇಕು, ಯಾರೋ ಹಿರಿಯರ ಮನೆಯಲ್ಲಿ ಹಳೇ ಬಿಎಸ್‌ಎ ಕಂಪನಿಯ ರೈಫಲ್ ಇದೆಯಂತೆ, ತಗೊಳ್ಳಬಹುದಾ? ಉತ್ತರ ಹೌದು ಅಂತಲೇ. ಆದರೆ ರೈಫಲ್ಲಿನ ಹೆಸರಿಗೆ, ವಯಸ್ಸಿಗೆ ದುಡ್ಡು ಕೊಡಬೇಡಿ. ಮಗುವಿನ ತೋಳಿನ ಉದ್ದಕ್ಕೆ ಅದು ಹೊಂದುತ್ತದೆಯೇ, ಬ್ಯಾರಲ್ ಒಳಗೆ ಹೇಗಿದೆ, ಈ ಎರಡಕ್ಕೆ ಮಾತ್ರ ದುಡ್ಡು ಕೊಡಿ.

ಹಳೇ ವಿದೇಶಿ ರೈಫಲ್ಲುಗಳಿಗೆ ನಮ್ಮಲ್ಲಿ ಇಷ್ಟು ಬೆಲೆ ಯಾಕೆ ಅನ್ನುವುದು ಮೊದಲು ತಿಳಿದಿರಲಿ. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ಜನ ಹೊರದೇಶದಿಂದ ಬಂದೂಕು ತರಿಸುವುದು ನಿಂತುಹೋಯಿತು. ಹೆಸರು ಮಾಡಿದ ಕ್ರೀಡಾಪಟುಗಳಿಗೆ ಮಾತ್ರ ಆ ದಾರಿ ಉಳಿಯಿತು. ಹಾಗಾಗಿ ಅದಕ್ಕೂ ಮುಂಚೆ ಬಂದ ಬಿಎಸ್‌ಎ ಮಾರ್ಟಿನಿ, ಆನ್‌ಶುಟ್ಜ್, ವಾಲ್ಥರ್, ಬ್ರನೋ ರೈಫಲ್ಲುಗಳೇ ಕೈಯಿಂದ ಕೈಗೆ ಸುತ್ತುತ್ತಿವೆ. ಬೆಲೆ ಏರಿರುವುದು ಸಿಗುವುದು ಅಪರೂಪ ಅನ್ನುವ ಕಾರಣಕ್ಕೆ. ಗುಣ ಚೆನ್ನಾಗಿದೆ ಅನ್ನುವುದಕ್ಕೆ ಬೆಲೆ ಸಾಕ್ಷಿಯಲ್ಲ. ಬೇರೆ ದೇಶದಲ್ಲಾಗಿದ್ದರೆ ಗುಜರಿಗೆ ಹೋಗುತ್ತಿದ್ದ ಬ್ಯಾರಲ್‌ಗೂ ಇಲ್ಲಿ ದೊಡ್ಡ ಮೊತ್ತ ಕೇಳುತ್ತಾರೆ.

ಕಾಗದದ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಇದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. 21 ತುಂಬದವರ ಹೆಸರಿನಲ್ಲಿ ಸಾಮಾನ್ಯ ಲೈಸೆನ್ಸ್ ಆಗುವುದಿಲ್ಲ. 12 ತುಂಬಿದ ಮಕ್ಕಳು ಗುರಿ ತರಬೇತಿಗಾಗಿ, ಲೈಸೆನ್ಸ್ ಇರುವ ಹಿರಿಯರ ಅಥವಾ ತರಬೇತುದಾರರ ಕಣ್ಣೆದುರಿಗೆ ಹೊಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಹೆಚ್ಚಿನ ಮನೆಗಳಲ್ಲಿ ಲೈಸೆನ್ಸ್ ಅಪ್ಪ ಅಥವಾ ಅಮ್ಮನ ಹೆಸರಿನಲ್ಲೇ ಇರುತ್ತದೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿ ಕಚೇರಿಗೆ, ಪರಿಶೀಲನೆ ಪೊಲೀಸರಿಂದ. ಕೆಜಿಎಫ್ ಭಾಗದವರು ಅಲ್ಲಿಗೆ ಪ್ರತ್ಯೇಕ ಎಸ್‌ಪಿ ಕಚೇರಿ ಇರುವುದನ್ನು ಮರೆಯಬೇಡಿ, ಕೋಲಾರದಲ್ಲಿ ಅಲೆದು ದಿನ ಕಳೆಯುವುದು ತಪ್ಪುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಎರಡೇ. ಮನೆಯಲ್ಲಿ ತೋಟ ಕಾಯುವುದಕ್ಕೆ ಅಂತ ಅಜ್ಜನ ಕಾಲದ ಜೋಡಿನಳಿಗೆ ಕೋವಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಶೂಟರ್‌ಗಳಿಗೆ ಹೆಚ್ಚುವರಿ ಅವಕಾಶ ಇದೆ, ಅದನ್ನು ರೈಫಲ್ ಸಂಸ್ಥೆಯ ಸದಸ್ಯತ್ವ ಮತ್ತು ಸ್ಪರ್ಧೆಯ ದಾಖಲೆ ಇಟ್ಟುಕೊಂಡೇ ಕೇಳಬೇಕು.

ಮಾರುವವರು ಖಾಸಗಿ ವ್ಯಕ್ತಿಯಾದರೆ, ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸವನ್ನೂ ಅವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಬೇಕು. ಅದಾಗಿ 45 ದಿನ ಕಳೆಯುವವರೆಗೆ ರೈಫಲ್ ಕೈ ಬದಲಾಯಿಸುವಂತಿಲ್ಲ. "ಮೊದಲು ತಗೊಂಡು ಹೋಗಿ ಸಾರ್, ಪೇಪರ್ ಆಮೇಲೆ ಮಾಡಿಸೋಣ" ಅನ್ನುವವರಿಂದ ಎದ್ದು ಬನ್ನಿ. ಕೊಡಗಿನಿಂದ ಬಂದ ರೈಫಲ್ ಆದರೆ ಇನ್ನೊಂದು ಮಾತು. ಅಲ್ಲಿಯವರಿಗೆ ಇರುವ ವಿನಾಯಿತಿ ಅವರಿಗೆ ಮಾತ್ರ, ಕೊಳ್ಳುವ ನಿಮಗೆ ಲೈಸೆನ್ಸ್ ಬೇಕೇ ಬೇಕು.

ಈಗ ರೈಫಲ್ ನೋಡುವುದಕ್ಕೆ ಹೊರಡೋಣ. ಕೈಯಲ್ಲಿ ಸಣ್ಣ ಟಾರ್ಚ್, ಅಳತೆ ಟೇಪು, ಒಂದಿಷ್ಟು ಬಿಳಿ ಹತ್ತಿ ಬಟ್ಟೆಯ ಚೂರು, .22ಕ್ಕೆ ಸರಿಹೋಗುವ ಒಂದೇ ತುಂಡಿನ ಕ್ಲೀನಿಂಗ್ ರಾಡ್, ಒಂದು ಬಿಳಿ ಕಾಗದ ಇರಲಿ. ಮಗುವನ್ನೂ ಕರೆದುಕೊಂಡು ಹೋಗಿ. ಬೋಲ್ಟ್ (ಬ್ಯಾರಲ್‌ನ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡು) ತೆಗೆದು ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆ ಅಂತ ಕಣ್ಣಿಂದಲೂ ಕಿರುಬೆರಳಿಂದಲೂ ಖಚಿತ ಮಾಡಿಕೊಂಡ ಮೇಲೇ ಮುಂದಿನದು. ಮಾರುವವರು "ಖಾಲಿ ಇದೆ" ಅಂದರೂ ನೀವೇ ನೋಡಿ, ಮಗು ನೋಡುವಂತೆ ನೋಡಿ.

ಲೈಸೆನ್ಸಿನಲ್ಲಿರುವ ನಂಬರ್ ರೈಫಲ್ ಮೇಲಿನದಕ್ಕೆ ಅಕ್ಷರ ಅಕ್ಷರವೂ ತಾಳೆಯಾಗಬೇಕು. ಹಳೇ ಲೈಸೆನ್ಸ್ ಪುಸ್ತಕದಿಂದ ಹೊಸದಕ್ಕೆ ಕೈಬರಹದಲ್ಲಿ ಇಳಿಸುವಾಗ 1 ಹೋಗಿ 7 ಆಗಿರುವುದುಂಟು. ಅದು ವರ್ಗಾವಣೆಯ ದಿನ ಬೆಳಕಿಗೆ ಬಂದರೆ ತಿಂಗಳುಗಟ್ಟಲೆ ಓಡಾಟ. ಬೋಲ್ಟ್ ಮೇಲೆ ನಂಬರ್ ಇದ್ದರೆ ಅದನ್ನೂ ಹೋಲಿಸಿ. ಆನ್‌ಶುಟ್ಜ್ ಆದರೆ ಉಲ್ಮ್ ಪ್ರೂಫ್ ಹೌಸಿನ (ಬಂದೂಕು ಪರೀಕ್ಷಿಸಿ ಮುದ್ರೆ ಹಾಕುವ ಜರ್ಮನಿಯ ಕಚೇರಿ) ಜಿಂಕೆ ಕೊಂಬಿನ ಮುದ್ರೆ ಹುಡುಕಿ. ಅದರ ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಅದೇ ವರ್ಷ: ಎ ಅಂದರೆ 0, ಬಿ ಅಂದರೆ 1, ಹೀಗೆ. ಎಚ್‌ಸಿ ಅಂತಿದ್ದರೆ 72. "ಎಂಬತ್ತೈದರ ಪೀಸು" ಅಂತ ಹೇಳಿದ್ದು ನಿಜವೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಬ್ಯಾರಲ್ ಮೇಲೆ ಯಾವ ತೋಟಾಕ್ಕೆ ಅಂತ ಬರೆದಿದೆ ಓದಿ. ಪಾಯಿಂಟ್ ಟೂ‌ಟೂ ಅಂದ ಮಾತ್ರಕ್ಕೆ ಎಲ್ಲವೂ ಲಾಂಗ್ ರೈಫಲ್ ಅನ್ನುವ, ಈಗ ಸ್ಪರ್ಧೆಗೆ ಬಳಸುವ ತೋಟಾದ್ದಲ್ಲ. ಬಹಳ ಹಳೆಯವು ಶಾರ್ಟ್ ಅಥವಾ ಲಾಂಗ್ ತೋಟಾಕ್ಕೆ ಮಾಡಿದವು. ಮ್ಯಾಗ್ನಮ್ (ಇನ್ನೂ ದೊಡ್ಡ ತೋಟಾ) ಚೇಂಬರ್ ಆದರೆ ಲಾಂಗ್ ರೈಫಲ್ ತೋಟಾ ಸಡಿಲವಾಗಿ ಕೂತು, ಹೊಡೆದಾಗ ಕೇಸ್ (ತೋಟಾದ ಹಿತ್ತಾಳೆ ಕವಚ) ಸೀಳುತ್ತದೆ. ಲಾಂಗ್ ರೈಫಲ್ ಚೇಂಬರಿನಲ್ಲೇ ವರ್ಷಗಟ್ಟಲೆ ಶಾರ್ಟ್ ತೋಟಾ ಹೊಡೆದಿದ್ದರೆ ಚೇಂಬರ್ ಒಳಗೆ ಉಂಗುರದ ಹಾಗೆ ಸವೆದಿರುತ್ತದೆ. ಆಮೇಲೆ ಉದ್ದದ ತೋಟಾ ಹೊಡೆದಾಗ ಕೇಸ್ ಆ ಉಂಗುರದೊಳಕ್ಕೆ ಹಿಗ್ಗಿ ಕಚ್ಚಿಕೊಳ್ಳುತ್ತದೆ, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಹೊರಗೆಳೆಯುವ ಕೊಕ್ಕೆ) ಎಳೆದರೂ ಬರುವುದಿಲ್ಲ.

ಬ್ಯಾರಲ್‌ನ ಒಳಗನ್ನು ನೋಡುವ ಮುಂಚೆ ಒರೆಸಿ. ಮಾರುವವರು ಎಣ್ಣೆ ಹಚ್ಚಿಟ್ಟಿರುತ್ತಾರೆ, ಎಣ್ಣೆಯ ಹೊಳಪಿನಲ್ಲಿ ತುಕ್ಕಿನ ಗುಳಿ ಕಾಣುವುದಿಲ್ಲ. ಒಣಬಟ್ಟೆ ಮೂರ್ನಾಲ್ಕು ಸಲ ಎಳೆದ ಮೇಲೆ ಬೋಲ್ಟ್ ಜಾಗದಲ್ಲಿ ಬಿಳಿ ಕಾಗದ ಹಿಡಿದು, ಅದರ ಮೇಲೆ ಟಾರ್ಚ್ ಬಿಟ್ಟು, ಮೂತಿಯಿಂದ, ಅಂದರೆ ಗುಂಡು ಹೊರಬರುವ ತುದಿಯಿಂದ, ನೋಡಿ. ಬ್ಯಾರಲ್ ಒಳಗೆ ಕೊರೆದ ಗೀರುಗಳು ಸುರುಳಿಯಾಗಿ ಒಂದೇ ಸಮ ಹರಿಯಬೇಕು. ನಡುವೆ ಎಲ್ಲಾದರೂ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ಬ್ಯಾರಲ್ ಉಬ್ಬಿದೆ. ಮದ್ದು ಸರಿಯಾಗಿ ಉರಿಯದೆ ಗುಂಡು ಒಳಗೇ ಸಿಕ್ಕಿಕೊಂಡಿರುತ್ತದೆ, ಅದು ಗೊತ್ತಾಗದೆ ಹಿಂದೆಯೇ ಇನ್ನೊಂದು ಹೊಡೆದಿರುತ್ತಾರೆ. ಹೊರಗಿನಿಂದಲೂ ಪರೀಕ್ಷಿಸಬಹುದು. ಟ್ಯೂಬ್‌ಲೈಟ್ ಕೆಳಗೆ ಬ್ಯಾರಲ್ ಹಿಡಿದು, ಅದರ ಮೇಲೆ ಬೀಳುವ ಬೆಳಕಿನ ಗೆರೆಯನ್ನು ಉದ್ದಕ್ಕೂ ನೋಡಿ. ಗೆರೆ ಒಂದು ಕಡೆ ಸೊಟ್ಟಗಾದರೆ ಅಲ್ಲಿ ಉಬ್ಬೋ ಬಾಗೋ ಇದೆ.

ಇನ್ನು ಕೈಗೆ ತಿಳಿಯುವ ಪರೀಕ್ಷೆ. ಬಿಗಿಯಾದ ಬಟ್ಟೆ ಚೂರನ್ನು ರಾಡ್‌ನಲ್ಲಿ ಹಿಂದಿನಿಂದ ಮೂತಿಯ ಕಡೆಗೆ ನಿಧಾನ ತಳ್ಳಿ. ಒಂದೇ ಸಮ ಬಿಗಿ ಇರಬೇಕು. ಒಂದು ಕಡೆ ಜಾರಿ ಮತ್ತೆ ಬಿಗಿಯಾದರೆ ಉಬ್ಬು. ಗರಗರ ಅಂದರೆ ತುಕ್ಕು ಅಥವಾ ಸೀಸದ ಪದರ. ಸೀಸವಾದರೆ ಹಿತ್ತಾಳೆ ಬ್ರಷ್‌ಗೆ ಹೋಗುತ್ತದೆ, ಗುಳಿ ಹೋಗುವುದಿಲ್ಲ. ಮೂತಿಯ ಹತ್ತಿರ ಕೊಂಚ ಬಿಗಿಯಾದರೆ ಸಂತೋಷ, ಸಡಿಲವಾದರೆ ಬೇಡ. 1920ರ ದಶಕದ ಕೊನೆಯವರೆಗೂ ತೋಟಾಗಳ ಪ್ರೈಮರ್‌ನಲ್ಲಿ ಉಪ್ಪಿನಂಥ ಕಿಲುಬು ಬಿಡುವ ರಾಸಾಯನಿಕ ಇರುತ್ತಿತ್ತು, ಅದು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತಿತ್ತು. ಆದ್ದರಿಂದ ಅದಕ್ಕೂ ಹಿಂದಿನ ರೈಫಲ್ ಆದರೆ ಗುಳಿ ಇದ್ದೇ ಇರುತ್ತದೆ ಅಂದುಕೊಂಡೇ ನೋಡಿ. ಮಗುವಿನ ಸ್ಪರ್ಧೆಗೆ ಅಷ್ಟು ಹಳೆಯದು ಬೇಡವೇ ಬೇಡ. 1950ರ ನಂತರದ್ದು ಸಾಕು.

ಗುರಿ ಕೆಡಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂತಿಯ ಅಂಚು. ಗುಂಡು ಕೊನೆಯ ಸಲ ಮುಟ್ಟುವ ಜಾಗ ಅದು. ಒಂದು ಕಡೆ ಸವೆದಿದ್ದರೆ ಹಿಂದಿನ ಗ್ಯಾಸ್ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ತಳ್ಳುತ್ತದೆ. ತುಂಡುತುಂಡಾಗಿ ಜೋಡಿಸುವ ಉಕ್ಕಿನ ರಾಡನ್ನು ಮೂತಿಯಿಂದಲೇ ಹಾಕಿ ಒರೆಸಿದ ರೈಫಲ್ಲುಗಳಲ್ಲೆಲ್ಲ ಈ ರೋಗ ಇರುತ್ತದೆ. ಮಾರ್ಟಿನಿಯಲ್ಲಿ ಬೋಲ್ಟ್ ಹೊರಗೆಳೆದು ಹಿಂದಿನಿಂದ ರಾಡ್ ಹಾಕುವ ಸಲೀಸು ಇಲ್ಲದ್ದರಿಂದ ಅಲ್ಲಿ ಇನ್ನೂ ಹೆಚ್ಚು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಂಚಿನ ಸುತ್ತ ತಿರುಗಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಚೂಪು ಎದ್ದಿದೆ. ಇದನ್ನು ಸರಿಮಾಡಬಹುದು, ಆದರೆ ಲೈಸೆನ್ಸ್ ಇರುವ ದುರಸ್ತಿಗಾರರೇ ಮಾಡಬೇಕು. ಬ್ಯಾರಲ್ ಚಿಕ್ಕದು ಮಾಡುವುದು ಕಾನೂನಿನ ಪ್ರಕಾರ ಬೇರೆಯದೇ ಅಪರಾಧ, ಊರಿನ ಲೇತ್ ಅಂಗಡಿಗೆ ಒಯ್ಯಬೇಡಿ.

ಪಾಯಿಂಟ್ ಟೂಟೂದಂಥ ರಿಮ್‌ಫೈರ್‌ನಲ್ಲಿ ಪಿನ್ ಹೊಡೆಯುವುದು ಕೇಸಿನ ಅಂಚಿಗೆ. ತೋಟಾ ಇಲ್ಲದೆ ಟ್ರಿಗರ್ ಎಳೆದು ಎಳೆದು ಆಡಿದ್ದರೆ ಕೆಲವು ಮಾದರಿಗಳಲ್ಲಿ ಪಿನ್ ಚೇಂಬರ್‌ನ ಬಾಯಂಚಿಗೇ ಬಡಿದು ಅಲ್ಲೊಂದು ಗುರುತು ಕೊರೆದಿರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಆ ಚೂಪು ಒಳಕ್ಕೆ ಮಡಿಚಿದ್ದರೆ ತೋಟಾ ಒತ್ತಿ ಹಾಕಬೇಕಾಗುತ್ತದೆ, ಖಾಲಿ ಕೇಸಿನ ಮೇಲೆ ಉದ್ದ ಗೀರು ಬೀಳುತ್ತದೆ. ಪರೀಕ್ಷೆಗೆ ಹೊಡೆದ ಖಾಲಿ ಕೇಸು ಹಾಕಿ ಎಳೆಯಿರಿ. ಅಂಚಿನಲ್ಲಿ ಪಿನ್ ಗುರುತು ಆಳವಾಗಿ ಸ್ಪಷ್ಟವಾಗಿರಬೇಕು. ತೆಳುವಾಗಿದ್ದರೆ ಮಾರುವವರು "ಸ್ಪ್ರಿಂಗ್ ಹೋಗಿದೆ ಅಷ್ಟೇ" ಅನ್ನುತ್ತಾರೆ. ಎಷ್ಟೋ ಸಲ ಸ್ಪ್ರಿಂಗ್ ಸರಿಯೇ ಇರುತ್ತದೆ, ಬೋಲ್ಟ್ ಒಳಗೆ ಗ್ರೀಸ್ ಗಟ್ಟಿಯಾಗಿ ಅಂಟಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ನೋಡಿದ ಮೇಲೇ ಬಿಡಿಭಾಗ ಹುಡುಕಿ, ಯಾಕೆಂದರೆ ಹಳೇ ಮಾದರಿಯ ಪಿನ್, ಎಕ್ಸ್‌ಟ್ರಾಕ್ಟರ್ ಇಲ್ಲಿ ಸಿಗುವುದು ಕಷ್ಟ.

ಟ್ರಿಗರ್ ವಿಷಯದಲ್ಲಿ ರಾಜಿ ಇಲ್ಲ. ಖಾಲಿ ರೈಫಲ್ ಕಾಕ್ ಮಾಡಿ (ಹೊಡೆಯಲು ಸಜ್ಜು ಮಾಡಿ), ಹೆಗಲಿಗೆ ತಾಗುವ ಬಟ್ ಅನ್ನು ರಬ್ಬರ್ ಮ್ಯಾಟ್ ಮೇಲೆ ಮೆಲ್ಲಗೆ ಕುಟ್ಟಿ. ಬೋಲ್ಟ್ ಅನ್ನು ಜೋರಾಗಿ ಮುಚ್ಚಿ ನೋಡಿ. ಎರಡರಲ್ಲಿ ಯಾವುದಕ್ಕಾದರೂ ತಾನಾಗಿ ಬಿಟ್ಟುಕೊಂಡರೆ ಸಿಯರ್ (ಟ್ರಿಗರ್ ಎಳೆಯುವವರೆಗೆ ಪಿನ್ ಹಿಡಿದಿಡುವ ಕೊಕ್ಕೆ) ಸವೆದಿದೆ. ಹಗುರ ಟ್ರಿಗರ್ ಬೇಕು ಅಂತ ಯಾರೋ ಕಲ್ಲಿನಲ್ಲಿ ಉಜ್ಜಿರುತ್ತಾರೆ. ಗಟ್ಟಿ ಮಾಡಿದ ಮೇಲ್ಪದರ ತೆಳ್ಳಗೆ, ಅದು ಹೋದರೆ ಒಳಗಿನ ಮೆತ್ತನೆ ಉಕ್ಕು ದಿನೇ ದಿನೇ ಸವೆಯುತ್ತದೆ. ಅಂಥದ್ದು ಮಗುವಿನ ಕೈಗೆ ಬೇಡ.

ಈಗ ಮಗುವಿನ ಅಳತೆ. ಮೊಣಕೈಯನ್ನು ತೊಂಬತ್ತು ಡಿಗ್ರಿಗೆ ಮಡಿಸಿ, ಬಟ್ ಅನ್ನು ಮೊಣಕೈ ಸಂದಿಗೆ ತಾಗಿಸಿದರೆ, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಎಟುಕಬೇಕು. ದೊಡ್ಡವರ ರೈಫಲ್ಲುಗಳಲ್ಲಿ ಬಟ್‌ನಿಂದ ಟ್ರಿಗರ್‌ವರೆಗೆ ಹದಿಮೂರೂವರೆ ಅಂಗುಲದ ಆಸುಪಾಸು ಇರುತ್ತದೆ. ಹನ್ನೆರಡು ಹದಿಮೂರರ ಮಕ್ಕಳಿಗೆ ಹನ್ನೊಂದೂವರೆಯಿಂದ ಹನ್ನೆರಡೂವರೆ ಸಾಕು. ಉದ್ದವಾದರೆ ಮಗು ಕತ್ತು ಚಾಚುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಆ ನಿಲುವೇ ರೂಢಿಯಾಗುತ್ತದೆ. ಆಮೇಲೆ ಯಾವ ಕೋಚ್ ಬಂದರೂ ಬಿಡಿಸುವುದಕ್ಕೆ ವರ್ಷ ಬೇಕು. ತೂಕವೂ ಅಷ್ಟೇ. ಬಿಎಸ್‌ಎ ಇಂಟರ್‌ನ್ಯಾಷನಲ್‌ನ ಭಾರೀ ಬ್ಯಾರಲ್ ಮಾದರಿ, ಆನ್‌ಶುಟ್ಜ್ 1413, ಇವು ಆರೇಳು ಕೆಜಿ ತೂಗುತ್ತವೆ. ಮಲಗಿ ಹೊಡೆಯುವಾಗ ಭಾರವನ್ನು ನೆಲವೂ ತೋಳಿಗೆ ಕಟ್ಟುವ ಸ್ಲಿಂಗೂ ಹೊರುತ್ತವೆ, ನಿಂತಾಗ ಮಗುವಿನ ಸೊಂಟವೇ ಹೊರಬೇಕು. ನನ್ನ ಆಯ್ಕೆ ಕೇಳಿದರೆ 64 ಆಕ್ಷನ್ನಿನ (ಬೋಲ್ಟ್, ಟ್ರಿಗರ್ ಕೂರುವ ಉಕ್ಕಿನ ಭಾಗ) ಆನ್‌ಶುಟ್ಜ್ 1403ರಂಥ ಹಗುರದ್ದು. ಅದು ಸಿಗದಿದ್ದರೆ 1407. ಎಡಗೈ ಮಕ್ಕಳಿಗೆ ಮಾರ್ಟಿನಿ ವರ: ಕೆಳಗಿನ ಲಿವರ್ ಎರಡೂ ಕೈಗೆ ಒಂದೇ, ಕೆನ್ನೆಗೆ ತಾಗುವ ಮರದ ಉಬ್ಬು ಯಾವ ಬದಿಗಿದೆ ಅಂತ ಮಾತ್ರ ನೋಡಿಕೊಳ್ಳಿ. ಇನ್ನೂ ಕಲಿಯುವ ಹಂತವಾದರೆ ಎನ್‌ಸಿಸಿ ಮಕ್ಕಳಿಗೆ ಪರಿಚಯ ಇರುವ ನಮ್ಮದೇ ಇಶಾಪುರದ ಹಗುರ ಪಾಯಿಂಟ್ ಟೂ‌ಟೂ ಕೂಡ ಸಾಕು, ಅದರಲ್ಲಿ ಪದಕದ ನಿರೀಕ್ಷೆ ಬೇಡ.

ರೈಫಲ್ಲಿನ ಮೂಲ ಮರದ ಭಾಗವನ್ನು ಕತ್ತರಿಸಿ ಗಿಡ್ಡ ಮಾಡಬೇಡಿ. ಮಗು ಎರಡು ವರ್ಷದಲ್ಲಿ ಬೆಳೆಯುತ್ತದೆ, ಕತ್ತರಿಸಿದ ಮರ ಬೆಳೆಯುವುದಿಲ್ಲ. ಬಟ್ ಪ್ಲೇಟ್ ಹಿಂದಿನ ಸ್ಪೇಸರ್ ತೆಗೆದರೆ ಒಂದು ಅಂಗುಲದವರೆಗೂ ಕಡಿಮೆಯಾಗುವ ಮಾದರಿಗಳಿವೆ. ಅದೂ ಸಾಲದಿದ್ದರೆ ಬೇರೆ ಮರದ್ದು ಹೊಂದಿಸಿ, ಹಳೆಯದನ್ನು ಎತ್ತಿಡಿ.

ಕೋಲಾರ, ಚಿಕ್ಕಬಳ್ಳಾಪುರದ ಒಣ ಹವೆಯಲ್ಲಿ ಹಳೇ ವಾಲ್‌ನಟ್ ಮರ ಕುಗ್ಗುತ್ತದೆ, ಆಕ್ಷನ್ ಸ್ಕ್ರೂ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಗುಂಡುಗಳ ಗುಂಪು ಚದುರಿದರೆ ಮೊದಲು ಅಲ್ಲಿ ನೋಡಿ. ಕೊಳ್ಳುವಾಗ ಹಿಡಿಯ ಹಿಂದೆ, ಆಕ್ಷನ್ ಕೂರುವ ತುದಿಯಲ್ಲಿ ಕೂದಲೆಳೆಯ ಬಿರುಕು ಇದೆಯಾ ಗಮನಿಸಿ. ಬೆರಳನ್ನು ಬ್ಯಾರಲ್ ಮತ್ತು ಮರದ ಸಂದಿಗೆ ಇಟ್ಟು ಸ್ಕ್ರೂ ಸಡಿಲಿಸಿದಾಗ ಬ್ಯಾರಲ್ ಮೇಲಕ್ಕೆ ನೆಗೆದಂತಾದರೆ ಅದು ಸಮ ಕೂತಿಲ್ಲ, ಬಿಗಿದಾಗ ಬಾಗುತ್ತಿದೆ ಅಂತ ಅರ್ಥ. ಸಣ್ಣ ತೂತಿನಿಂದ ಗುರಿ ನೋಡುವ ಪೀಪ್ ಸೈಟ್ ಜೊತೆಗೇ ಬರಬೇಕು. ಮುಂದಿನ ಸುರಂಗದೊಳಗೆ ಹಾಕುವ ಉಂಗುರಗಳು, ಹಿಂದಿನ ಸೈಟ್, ಎಲ್ಲವನ್ನೂ ಎಣಿಸಿ ತಗೊಳ್ಳಿ. ಆಮೇಲೆ ಬಿಡಿಯಾಗಿ ಹುಡುಕುವುದಕ್ಕೆ ಹೋದರೆ ಹೊರೆ. ಕ್ಲಿಕ್ ಹತ್ತು ಮುಂದೆ, ಹತ್ತು ಹಿಂದೆ ತಿರುಗಿಸಿ, ಹೊರಟ ಜಾಗಕ್ಕೇ ಬರಬೇಕು.

ಸಾಧ್ಯವಾದರೆ ಮಾರುವವರೇ ಮಾನ್ಯತೆ ಇರುವ ರೇಂಜಿಗೆ ತಂದು ಹೊಡೆದು ತೋರಿಸಲಿ. 50 ಮೀಟರ್‌ನಲ್ಲಿ ರೆಸ್ಟ್ ಮೇಲಿಟ್ಟು ಐದೈದರ ನಾಲ್ಕು ಗುಂಪು. ಆ ದೂರದಲ್ಲಿ ಹತ್ತರ ಉಂಗುರ 10.4 ಮಿ.ಮೀ. ಅಗಲ. ಗುಂಪು 20 ಮಿ.ಮೀ. ಒಳಗಿದ್ದರೆ ಒಳ್ಳೆಯ ಬ್ಯಾರಲ್, 25ರವರೆಗೂ ಕಲಿಕೆಗೆ ಅಡ್ಡಿಯಿಲ್ಲ. ಅದಕ್ಕೂ ಹೆಚ್ಚಾದರೆ ಕೂಡಲೇ ಬೈಯಬೇಡಿ, ಬೇರೆ ತಯಾರಿಕೆಯ ತೋಟಾ ಹಾಕಿ ನೋಡಿ. ಒಂದೊಂದು ಬ್ಯಾರಲ್‌ಗೆ ಒಂದೊಂದು ತೋಟಾ ಒಗ್ಗುತ್ತದೆ. ತೋಟಾ ಬದಲಿಸಿದ ಮೇಲೆ ಮೊದಲ ಹತ್ತು ಹದಿನೈದು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ, ಹಳೆಯ ಮೇಣ ಹೋಗಿ ಹೊಸದು ಕೂರಬೇಕು. ಹಳೇ ರೈಫಲ್‌ಗೆ ಸ್ಟ್ಯಾಂಡರ್ಡ್ ವೇಗದ್ದೇ ಸರಿ, ಹೈ ವೆಲಾಸಿಟಿ ಬೇಡ.

ರೇಂಜ್ ಬಿಟ್ಟು ಬೇರೆ ಕಡೆ ಒಂದು ಗುಂಡೂ ಹೊಡೆಯಬೇಡಿ. ಒಣಗಿದ ಕೆರೆ ಅಂಗಳ, ಬಂಡೆ ಬೆಟ್ಟದ ಬುಡ, ಮಾವಿನ ತೋಪು, ಇವು ಖಾಲಿ ಕಂಡರೂ ಖಾಲಿಯಲ್ಲ. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು, ನಮ್ಮ ಕಡೆಯ ಗ್ರಾನೈಟ್ ಬಂಡೆಗೆ ತಾಗಿದರೆ ಯಾವ ದಿಕ್ಕಿಗೆ ಚಿಮ್ಮುತ್ತದೋ ಹೇಳಲಾಗದು. ಕುರಿ ಕಾಯುವವರು, ಹುಲ್ಲು ಕೊಯ್ಯುವವರು ಎಲ್ಲಿರುತ್ತಾರೋ ನಿಮಗೆ ಕಾಣುವುದಿಲ್ಲ.

ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಾಗಲಿ, ಸ್ಪಂಜಿನ ಪೆಟ್ಟಿಗೆಯಲ್ಲಾಗಲಿ ಮಲಗಿಸಿಡಬೇಡಿ, ಎರಡೂ ತೇವ ಹಿಡಿಯುತ್ತವೆ. ಬೀಗ ಹಾಕುವ ಉಕ್ಕಿನ ಕಪಾಟು, ತೋಟಾ ಬೇರೆ ಬೀಗದಲ್ಲಿ, ಬೀಗದ ಕೈ ದೊಡ್ಡವರ ಹತ್ತಿರ. ಚುನಾವಣೆ ಬಂದಾಗ ಬಂದೂಕು ಠೇವಣಿ ಇಡಲು ಠಾಣೆಯಿಂದ ಕರೆ ಬರುತ್ತದೆ. ಸ್ಪರ್ಧೆ ಹತ್ತಿರ ಇರುವ ಶೂಟರ್‌ಗಳು ವಿನಾಯಿತಿ ಕೇಳಿ ಅರ್ಜಿ ಹಾಕಬಹುದು, ಸದಸ್ಯತ್ವ ಪತ್ರ ಮತ್ತು ಸ್ಪರ್ಧೆಯ ವೇಳಾಪಟ್ಟಿ ಜೊತೆಗಿಡಿ. ಸಿಗದಿದ್ದರೆ ಕೊಡುವ ಹಿಂದಿನ ದಿನ ಬ್ಯಾರಲ್ ಒಳಗೂ ಹೊರಗೂ ಎಣ್ಣೆ ಹಚ್ಚಿ, ಸೈಟ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು, ಹತ್ತಿ ಬಟ್ಟೆ ಸುತ್ತಿ, ನಂಬರ್ ಮತ್ತು ಮರದ ಎರಡೂ ಬದಿಯ ಫೋಟೋ ತೆಗೆದುಕೊಂಡು, ರಸೀದಿ ಪಡೆದು ಬನ್ನಿ. ವಾಪಸ್ ಬಂದ ದಿನ ಎಣ್ಣೆ ಪೂರ್ತಿ ಒರೆಸಿ ತೆಗೆಯದೆ ಮಗುವಿನ ಕೈಗೆ ಕೊಡಬೇಡಿ, ಬ್ಯಾರಲ್‌ನಲ್ಲಿ ಎಣ್ಣೆ ನಿಂತಿದ್ದರೆ ಮೊದಲ ಗುಂಡುಗಳು ಎಲ್ಲೆಲ್ಲೋ ಹೋಗುತ್ತವೆ.