ಒಂದೇ ತುಂಡಿನಲ್ಲಿ ಎರಡು ಲೋಹ 3ಡಿ ಪ್ರಿಂಟ್ ಮಾಡಬೇಕಾ?

ಪರ: ಒಂದೇ ಲೋಹಕ್ಕೆ ಎಲ್ಲ ಕೆಲಸ ಬರುವುದಿಲ್ಲ

ರಾಕೆಟ್ ಎಂಜಿನ್ನಿನ ದಹನ ಕೋಣೆಯನ್ನೇ ನೋಡಿ. ಒಳಗೆ ಉರಿಯುವ ಅನಿಲದ ಬಿಸಿ 3000 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಗೋಡೆಯ ಒಳಮೈ ಮಾತ್ರ ಎಷ್ಟೋ ಎಂಜಿನ್‌ಗಳಲ್ಲಿ ತಾಮ್ರದ ಮಿಶ್ರಲೋಹ. ತಾಮ್ರ ಕರಗುವುದೇ 1085 ಡಿಗ್ರಿಗೆ! ಆದರೂ ಅದೇ ಬೇಕು. ಮೈಮೇಲೆ ಬಿದ್ದ ಬಿಸಿಯನ್ನು ಅದು ಇಟ್ಟುಕೊಳ್ಳುವುದಿಲ್ಲ, ಹಿಂದಿನ ಸಣ್ಣ ಕಾಲುವೆಗಳಲ್ಲಿ ಹರಿಯುವ ತಣ್ಣನೆಯ ಇಂಧನಕ್ಕೆ ದಾಟಿಸಿಬಿಡುತ್ತದೆ. ಬಿಸಿ ಸಾಗಿಸುವುದರಲ್ಲಿ ಶುದ್ಧ ತಾಮ್ರ ಇನ್ಕೊನೆಲ್ 718 ಎಂಬ ನಿಕಲ್ ಮಿಶ್ರಲೋಹಕ್ಕಿಂತ 30 ಪಟ್ಟಿಗೂ ಮುಂದೆ. ಆದರೆ ತಾಮ್ರ ಮೆದು. ಒಳಗಿನ ಒತ್ತಡಕ್ಕೆ ಉಬ್ಬದಂತೆ ಹಿಡಿಯಲು ಹೊರಗೊಂದು ಗಟ್ಟಿ ಕವಚ ಬೇಕು, ಅದಕ್ಕೆ ನಿಕಲ್ ಮಿಶ್ರಲೋಹ.

ಇವೆರಡನ್ನೂ ಬೇರೆ ಬೇರೆ ಮಾಡಿ, ನಡುವೆ ಬೇಗ ಕರಗುವ ಇನ್ನೊಂದು ಲೋಹ ಹರಿಸುವ ಬ್ರೇಜಿಂಗ್‌ನಿಂದ ಅಂಟಿಸಬಹುದು. ಇಲ್ಲವೇ ತಾಮ್ರದ ಮೇಲೆ ವಿದ್ಯುತ್ತಿನಿಂದ ನಿಕಲ್ ಪದರ ಬೆಳೆಸಬಹುದು, ಕಾಯುವ ತಾಳ್ಮೆ ಇದ್ದರೆ. ಪ್ರಿಂಟಿಂಗ್‌ನಲ್ಲಿ ಎರಡನೆಯ ಲೋಹದ ಪುಡಿಯನ್ನು ನಾಝಲ್‌ನಿಂದ ಊದುತ್ತಾ, ಲೇಸರ್‌ನಲ್ಲಿ ಕರಗಿಸುತ್ತಾ ಮೊದಲನೆಯದರ ಮೇಲೇ ಕಟ್ಟುತ್ತಾ ಹೋಗುತ್ತಾರೆ. 2017ರಲ್ಲಿ ನಾಸಾದ ಮಾರ್ಷಲ್ ಕೇಂದ್ರ ಹೀಗೆ ತಾಮ್ರದ ಮಿಶ್ರಲೋಹ ಮತ್ತು ಇನ್ಕೊನೆಲ್ ಸೇರಿಸಿ ಮಾಡಿದ ಇಗ್ನೈಟರನ್ನು (ಎಂಜಿನ್ನಿಗೆ ಬೆಂಕಿ ಹೊತ್ತಿಸುವ ಭಾಗ) 30ಕ್ಕೂ ಹೆಚ್ಚು ಸಲ ಉರಿಸಿ ನೋಡಿತು. ಆಮೇಲೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಎರಡು ಲೋಹಗಳೂ ಒಂದರೊಳಗೊಂದು ಬೆರೆತು ಕೂತಿದ್ದವು.

ಎರಡು ಲೋಹ ಸುಮ್ನೆ ಒಂದರ ಪಕ್ಕ ಒಂದು ಕೂರಬೇಕೆಂದೂ ಇಲ್ಲ. ಎರಡು ಡಬ್ಬಿಗಳಿಂದ ಪುಡಿ ಬರುವಾಗ ಒಂದನ್ನು ಪದರ ಪದರಕ್ಕೂ ಸ್ವಲ್ಪ ಇಳಿಸಿ, ಇನ್ನೊಂದನ್ನು ಏರಿಸಬಹುದು. ಆಗ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ತೋರಿಸಲು ಗೆರೆಯೇ ಇರುವುದಿಲ್ಲ. ಈ ಸೌಲಭ್ಯ ಬ್ರೇಜಿಂಗ್‌ನಲ್ಲಿ ಎಲ್ಲಿದೆ?

ವಿರೋಧ: ಸೀಳಿ ನೋಡಿದ್ದು ಸರಿ, ಸೀಳಲಾಗದ್ದರ ಕಥೆ ಏನು?

ಇಗ್ನೈಟರ್ ಒಳಗೆ ಚೆನ್ನಾಗಿತ್ತು ಅಂತ ಗೊತ್ತಾದದ್ದು ಅದನ್ನು ಸೀಳಿದ ಮೇಲೆ. ಬಳಕೆಗೆ ಹೋಗುವ ಭಾಗವನ್ನು ಸೀಳೋಕೆ ಆಗಲ್ಲ ಅಲ್ವಾ? ಅಲ್ಟ್ರಾಸೌಂಡ್ ಬಿಟ್ಟು ನೋಡೋಣವೆಂದರೆ, ಲೋಹ ಬದಲಾಗುವ ಜಾಗವೇ ಒಂದಿಷ್ಟು ಪ್ರತಿಧ್ವನಿ ಕೊಡುತ್ತದೆ. ಅದು ಬೆಸುಗೆಯದೋ ಬಿರುಕಿನದೋ ಎಂದು ಬೇರ್ಪಡಿಸುವ ತಲೆನೋವು ಬೇರೆ.

ತಾಮ್ರ ಮತ್ತು ನಿಕಲ್ ಮೊದಲಿಂದಲೂ ಹೊಂದಿಕೊಳ್ಳುವ ಜೋಡಿ. ಅದನ್ನೇ ತೋರಿಸಿ ಎಲ್ಲ ಜೋಡಿಗೂ ಆಸೆ ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ಟೈಟೇನಿಯಂ ಮತ್ತು ಸ್ಟೀಲ್ ನೇರವಾಗಿ ಕರಗಿ ಬೆರೆತರೆ ಗಾಜಿನಂತೆ ಒಡೆಯುವ ಸಂಯುಕ್ತಗಳು ಹುಟ್ಟುತ್ತವೆ. ನಡುವೆ ವೆನೇಡಿಯಂ ಪದರ ಹಾಕಿ ತಪ್ಪಿಸಲು ನೋಡುತ್ತಾರೆ. ಅಂದರೆ ಮೂರನೆಯ ಲೋಹ, ಎರಡು ಬೆಸುಗೆ. ಹಿಗ್ಗುವುದರಲ್ಲೂ ಇವಕ್ಕೆ ತಾಳವಿಲ್ಲ. ಬಿಸಿ 100 ಡಿಗ್ರಿ ಏರಿದರೆ ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 1.6 ಮಿ.ಮೀ. ಹಿಗ್ಗುತ್ತದೆ, ಟೈಟೇನಿಯಂ 0.9 ಮಿ.ಮೀ.ನಷ್ಟು. ತಣಿಯುವಾಗ ಒಂದು ಜಾಸ್ತಿ ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ.

ಪ್ರಿಂಟ್ ಆದ ಮೇಲೆ ಹದ ಮಾಡುವ ಕೆಲಸವಿದೆ. ಇನ್ಕೊನೆಲ್ 718 ಗಟ್ಟಿಯಾಗಲು ಸುಮಾರು 720 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕೂರಬೇಕು. ತಾಮ್ರ-ಕ್ರೋಮಿಯಂ-ಜಿರ್ಕೋನಿಯಂ ಮಿಶ್ರಲೋಹಕ್ಕೆ 500 ಡಿಗ್ರಿ ಒಳಗೇ ಸಾಕು. 720ರಲ್ಲಿ ಅದು ಮೆತ್ತಗಾಗುತ್ತದೆ. ಒಂದೇ ಕುಲುಮೆ, ಯಾರ ಮಾತು ಕೇಳಬೇಕು?

ಇನ್ನು ಉಳಿದ ಪುಡಿ. ಒಂದೇ ಲೋಹವಾದರೆ ಜರಡಿ ಹಿಡಿದು ಮತ್ತೆ ಬಳಸಬಹುದು. ಎರಡು ಬೆರೆತರೆ ಜರಡಿ ಕೈಕೊಡುತ್ತದೆ, ಕಣಗಳ ಗಾತ್ರ ಒಂದೇ. ಅಯಸ್ಕಾಂತ ಹಿಡಿಯೋಣವೆಂದರೆ 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲೂ ಅಂಟುವುದಿಲ್ಲ, ತಾಮ್ರವೂ ಅಂಟುವುದಿಲ್ಲ.

ಆಯಸ್ಸು ಮುಗಿದ ಭಾಗ ಗುಜರಿಗೆ ಹೋದಾಗಲೂ ಅದೇ ಗೋಳು. ಸ್ಟೀಲ್ ಕರಗಿಸುವಾಗ ತಾಮ್ರ ಸೇರಿಕೊಂಡರೆ ಹೊರಗೆ ತೆಗೆಯುವುದು ಬಲು ಕಷ್ಟ, ಕಾಯಿಸಿ ರೋಲ್ ಮಾಡುವಾಗ ಮೇಲ್ಮೈ ಬಿರಿಯುತ್ತದೆ. ಬೋಲ್ಟ್ ಹಾಕಿದ್ದಾದರೆ ಬಿಚ್ಚಿ ಎರಡು ರಾಶಿ ಮಾಡಬಹುದಿತ್ತು. ಇದನ್ನು ಯಾವ ರಾಶಿಗೆ ಹಾಕುವುದು?